ರಾಶಿಯ ತಳದ ತೇವ

ತಿದ್ದಲಾಗದ ಲೆಕ್ಕದ ಪುಸ್ತಕವೊಂದು ದೊರೆತರೆ ಮನುಷ್ಯನು ಪ್ರಾಮಾಣಿಕನಾಗುವನೇ?

ಕಳೆದ ಸುಗ್ಗಿಯಲ್ಲಿ ಅಬ್ಬೆತುಮಕೂರಿನ ಕಣವೊಂದರಲ್ಲಿ ತೊಗರಿ ರಾಶಿಯ ಪಕ್ಕ ಕುಳಿತು ನಾನು ಬ್ಲಾಕ್‌ಚೈನ್ ಎಂಬ ತಂತ್ರಜ್ಞಾನವನ್ನು ವಿವರಿಸುತ್ತಿದ್ದೆ. ಹೊಲದಿಂದ ಅಡುಗೆಮನೆಯವರೆಗೆ ಸರಕು ಕೈಯಿಂದ ಕೈಗೆ ದಾಟಿದಾಗಲೆಲ್ಲ ಒಂದು ದಾಖಲೆ ಬರೆಯಲಾಗುತ್ತದೆ. ಪ್ರತಿಯೊಂದರಲ್ಲೂ ಹಿಂದಿನ ದಾಖಲೆಯ ಗುರುತು ಸೇರಿರುತ್ತದೆ. ಪ್ರತಿಗಳು ಹಲವರ ಕಂಪ್ಯೂಟರುಗಳಲ್ಲಿರುತ್ತವೆ. ಆದುದರಿಂದ ಒಬ್ಬನು ಗುಟ್ಟಾಗಿ ತಿದ್ದಿದರೆ ಸರಪಳಿ ಕಳಚಿ ಮೋಸ ಬಯಲಾಗುತ್ತದೆ. ಬೆಂಗಳೂರಿನ ಕಾಫಿ ಮಂಡಳಿಯು 2019ರ ಮಾರ್ಚ್‌ನಲ್ಲಿ ಇಂತಹ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಮಧ್ಯವರ್ತಿಗಳನ್ನು ತಗ್ಗಿಸುವುದು, ಕಾಫಿಯ ಮೂಲವನ್ನು ಕೊಳ್ಳುವವನಿಗೆ ತಿಳಿಸುವುದು ಅದರ ಉದ್ದೇಶವಾಗಿತ್ತು. ಅಮೆರಿಕದ ವಾಲ್‌ಮಾರ್ಟ್ ಕಂಪೆನಿಗೆ ಮಾವಿನ ಹೋಳುಗಳ ಪೊಟ್ಟಣವೊಂದರ ಮೂಲ ಹುಡುಕಲು ಸುಮಾರು 7 ದಿನ ಹಿಡಿದಿತ್ತು. ಈ ಕ್ರಮದ ಪ್ರಯೋಗದಲ್ಲಿ 2.2 ಸೆಕೆಂಡು ಸಾಕಾಯಿತು.

ಎಲ್ಲವನ್ನೂ ಕೇಳಿದ ಹಿರಿಯ ರೈತರೊಬ್ಬರು, "ಮಾಸ್ತರ್ರೇ, ಮೊದಲ್ನೇ ಸಾಲಿನ್ಯಾಗೇ ಸುಳ್ಳು ಬರದ್ರ ನಿಮ್ಮ ಸರಪಳಿ ಏನ್ ಮಾಡ್ತದ?" ಎಂದರು.

ನಾನು ಸುಮ್ಮನಾದೆ. ಹುಡುಗನಾಗಿದ್ದಾಗ ಮಳೆಗೆ ನೆನೆದ ತೊಗರಿಯನ್ನು ಚೀಲದ ತಳಕ್ಕೆ ಸುರಿದು, ಒಣಗಿದ್ದನ್ನು ಮೇಲೆ ತುಂಬಿದ ಕೈಗಳಲ್ಲಿ ನನ್ನವೂ ಇದ್ದವು. ಆ ಚೀಲಕ್ಕೆ ಬ್ಲಾಕ್‌ಚೈನಿನ ಗುರುತು ಅಂಟಿಸಿದ್ದರೆ ಊರು, ದಿನ, ತೂಕ ಎಲ್ಲವೂ ಸರಿಯಾಗಿ ದಾಖಲಾಗುತ್ತಿದ್ದವು. ತೇವ ಮಾತ್ರ ದಾಖಲಾಗುತ್ತಿರಲಿಲ್ಲ. ಒಳ್ಳೆಯ ಮಾಲೆಂದು ಬರೆದಿದ್ದರೆ ಅದು ಯಾರೂ ಅಳಿಸಲಾಗದ ಸುಳ್ಳಾಗಿ ಉಳಿಯುತ್ತಿತ್ತು.

ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ತೂರಿಸಿದಾಗ ಬೆರಳಿಗೆ ತಗಲಿದುದು ಇದೇ ತೇವ. ಮಳೆ ಬಿದ್ದಿತ್ತೆಂದು ಮಾರುವವನು ಹೇಳಿದ. ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ನಮ್ಮವನಲ್ಲವೆಂದು ಅವರು ಎಚ್ಚರಿಸಿದರು. ಗಮನಿಸಿರಿ: ಮಳೆ ಅವನ ತಪ್ಪಾಗಿರಲಿಲ್ಲ, ಮುಚ್ಚಿಟ್ಟದ್ದು ತಪ್ಪಾಗಿತ್ತು.

ಹಾಗಾದರೆ ದಾಖಲೆ ವ್ಯರ್ಥವೇ? ಖಂಡಿತ ಅಲ್ಲ. ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡಲು ಪವಿತ್ರ ಕುರ್‌ಆನ್ ಆದೇಶಿಸಿದ್ದು ಸತ್ಯವಿಶ್ವಾಸಿಗಳಿಗೇ. ಬರೆಯುವುದು ನಂಬಿಕೆಗೆ ಅವಮಾನವಲ್ಲ; ಅದು ಪ್ರಾಮಾಣಿಕನನ್ನು ಸಂಶಯದಿಂದ ಕಾಪಾಡುತ್ತದೆ. ಆಹಾರ ಕೆಟ್ಟಾಗ ಅದರ ಮೂಲ ಬೇಗ ತಿಳಿದರೆ ನಿರಪರಾಧಿಯ ಮಾಲು ತಿಪ್ಪೆ ಸೇರುವುದಿಲ್ಲ.

ಆದರೆ ಪಾರದರ್ಶಕತೆ ರೈತನ ಕಣಕ್ಕಷ್ಟೇ ಮೀಸಲಾಗಬಾರದು. ಅವನ ಹೊಲದ ವಿವರವನ್ನೆಲ್ಲ ಕೇಳುವ ಪುಸ್ತಕದಲ್ಲಿ ತೂಕದಲ್ಲಿ ಕಳೆದ ಕಿಲೋ, ಹಿಡಿದುಕೊಂಡ ದಲಾಲಿ, ಕೊನೆಯ ಬೆಲೆ ಕಾಣದಿದ್ದರೆ ಅದೂ ಮೇಲೆ ಒಣಗಿದ್ದು, ಕೆಳಗೆ ಒದ್ದೆಯಿರುವ ರಾಶಿಯೇ. ಕೊಳ್ಳುವಾಗ ತುಂಬ ಅಳೆದು, ಕೊಡುವಾಗ ಕಡಿಮೆ ಅಳೆಯುವವರಿಗೆ ಕುರ್‌ಆನ್ ನೀಡಿದ ಎಚ್ಚರಿಕೆ ಇಲ್ಲಿಯೂ ಅನ್ವಯಿಸುತ್ತದೆ.

ಆ ಹಿರಿಯರಿಗೆ ನಾನು ಕೊಡಬೇಕಿದ್ದ ಉತ್ತರವಿಷ್ಟೇ: ಮೊದಲ ಸಾಲನ್ನು ಯಂತ್ರ ಬರೆಯುವುದಿಲ್ಲ, ನಾವು ಬರೆಯುತ್ತೇವೆ. ಚೀಲದ ಬಾಯಿ ಹೊಲಿಯುವ ಮುನ್ನ ನಮ್ಮನ್ನು ನೋಡುವವನು ಅಲ್ಲಾಹನೊಬ್ಬನೇ. ಆ ಕ್ಷಣದಲ್ಲಿ ತಳದ ತೇವವನ್ನು ಮೇಲೆ ತಂದು ತೋರಿಸುವ ಧೈರ್ಯವನ್ನು ನಮ್ಮ ಮಕ್ಕಳಿಗೆ ಕಲಿಸೋಣ. ಮುಂದಿನ ಸಾಲುಗಳನ್ನು ಸರಪಳಿ ಕಾಯಲಿ.