ಕಸುಬು ಯಾರ ಮಕ್ಕಳಿಗೆ?

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ ಎಂಬ ಸಣ್ಣ ಊರಿನಲ್ಲಿ 1881ರ ಜುಲೈ 4ರಂದು ಕಪ್ಪು ಜನರಿಗಾಗಿ ಒಂದು ಶಾಲೆ ಶುರುವಾಯಿತು. 30 ವಿದ್ಯಾರ್ಥಿಗಳು, ಒಬ್ಬ ಮೇಷ್ಟ್ರು, ಪಾಠಕ್ಕೆ ಒಂದು ಹಳೆಯ ಚರ್ಚು ಮತ್ತು ಮಳೆ ಬಂದರೆ ಸೋರುವ ಒಂದು ಗುಡಿಸಲು. ಮೇಷ್ಟ್ರ ಹೆಸರು ಬೂಕರ್ ಟಿ. ವಾಷಿಂಗ್ಟನ್, ವಯಸ್ಸು 25. ವರ್ಜೀನಿಯಾದ ಒಂದು ತೋಟದಲ್ಲಿ ಗುಲಾಮರಾಗಿ ಹುಟ್ಟಿದವರು. ಬಿಡುಗಡೆ ಸಿಕ್ಕ ಮೇಲೆ ಉಪ್ಪಿನ ಭಟ್ಟಿಯಲ್ಲಿ, ಕಲ್ಲಿದ್ದಲ ಗಣಿಯಲ್ಲಿ ದುಡಿದು, 1872ರಲ್ಲಿ ಸುಮಾರು 500 ಮೈಲಿ ದೂರದ ಹ್ಯಾಂಪ್ಟನ್ ಶಾಲೆಗೆ ಅಷ್ಟು ದೂರ ನಡೆದು, ಅಷ್ಟು ದೂರ ಗಾಡಿ ಹಿಡಿದು ಹೋಗಿದ್ದರು. ಅಲ್ಲಿ ಅವರಿಗಿದ್ದ ಪ್ರವೇಶ ಪರೀಕ್ಷೆ ಒಂದು ಕೋಣೆ ಗುಡಿಸುವುದು. ಮೂರು ಸಲ ಗುಡಿಸಿ, ನಾಲ್ಕು ಸಲ ಧೂಳು ಒರೆಸಿ ಪಾಸಾದರು.

ಈ ಮೇಷ್ಟ್ರನ್ನು ಇಲ್ಲಿ ನೆನೆಯಲು ಕಾರಣ ಒಂದು ಪ್ರಶ್ನೆ. ಸಮಾಜ ಕೆಳಗೆ ತಳ್ಳಿದವರ ಮಗುವಿಗೆ ಕೈಕಸುಬು ಕಲಿಸಿದರೆ ಅದನ್ನು ಮೇಲೆತ್ತಿದಂತೆಯೋ, ಇದ್ದಲ್ಲೇ ಕಟ್ಟಿಹಾಕಿದಂತೆಯೋ?

ಟಸ್ಕೀಗಿಯಲ್ಲಿ ಕಟ್ಟಡ ಬೇಕಿತ್ತು, ದುಡ್ಡಿರಲಿಲ್ಲ. ಇಟ್ಟಿಗೆಯನ್ನು ನಾವೇ ಸುಡೋಣ ಎಂದು ವಾಷಿಂಗ್ಟನ್ ಹೊರಟರು. ಹೊಂಡಕ್ಕಿಳಿದು ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲಲು ವಿದ್ಯಾರ್ಥಿಗಳಿಗೆ ಮನಸ್ಸಿರಲಿಲ್ಲ. ಮಣ್ಣಿನ ಕೆಲಸ ತಪ್ಪಲಿ ಎಂದೇ ಶಾಲೆಗೆ ಬಂದವರು ಅವರು. ಕೆಲವರು ಬಿಟ್ಟೇ ಹೋದರು. ಮಕ್ಕಳಿಗೆ ಪುಸ್ತಕ ಕಲಿಸಿದರೆ ಸಾಕು ಎಂದು ಹೆತ್ತವರೂ ತಕರಾರು ತೆಗೆದರು. ಮೂರು ಸಲ ಹಾಕಿದ ಇಟ್ಟಿಗೆ ಗೂಡು ಮೂರು ಸಲವೂ ಕೆಟ್ಟಿತು. ಕೈಯಲ್ಲಿ ಕಾಸಿಲ್ಲದೆ ಮೇಷ್ಟ್ರು ತಮ್ಮ ಗಡಿಯಾರವನ್ನು 15 ಡಾಲರಿಗೆ ಗಿರವಿ ಇಟ್ಟರು. ನಾಲ್ಕನೆಯ ಗೂಡು ಫಲ ಕೊಟ್ಟಿತು. ಆ ಗಡಿಯಾರವನ್ನು ಅವರು ಮತ್ತೆ ಬಿಡಿಸಿಕೊಳ್ಳಲೇ ಇಲ್ಲ. 1915ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅಲ್ಲಿ ನೂರಕ್ಕೂ ಹೆಚ್ಚು ಕಟ್ಟಡಗಳಿದ್ದವು, ಸುಮಾರು 1500 ವಿದ್ಯಾರ್ಥಿಗಳಿದ್ದರು. ಕಟ್ಟಡಗಳಲ್ಲಿ ಹೆಚ್ಚಿನವು ವಿದ್ಯಾರ್ಥಿಗಳೇ ಕಟ್ಟಿದವು.

ವಾಷಿಂಗ್ಟನ್ನರ ನಂಬಿಕೆ ಸರಳವಾಗಿತ್ತು. ಊರಿಗೆ ಬೇಕಾದ ಇಟ್ಟಿಗೆ ನಿಮ್ಮ ಹತ್ತಿರ ಇದ್ದರೆ ಊರು ನಿಮ್ಮ ಬಾಗಿಲಿಗೆ ಬರುತ್ತದೆ, ಮರ್ಯಾದೆ ಕೊಡುತ್ತದೆ. ಮೊದಲು ಕಸುಬು, ನೆಲ, ಉಳಿತಾಯ; ಹಕ್ಕುಗಳು ಆಮೇಲೆ ತಾವಾಗಿ ಬರುತ್ತವೆ. 1895ರಲ್ಲಿ ಅಟ್ಲಾಂಟಾದಲ್ಲಿ ಇದನ್ನೇ ಭಾಷಣವಾಗಿ ಹೇಳಿದಾಗ ಬಿಳಿಯ ಸಭಿಕರು ಜೋರಾಗಿ ಚಪ್ಪಾಳೆ ತಟ್ಟಿದರು. ಮರುವರ್ಷವೇ ಅಮೆರಿಕದ ಸುಪ್ರೀಂ ಕೋರ್ಟು ರೈಲಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದು ಸರಿ ಎಂದು ತೀರ್ಪು ಕೊಟ್ಟಿತು. ಆ ಚಪ್ಪಾಳೆ ಯಾವುದಕ್ಕೆ ಎಂಬ ಸಂಶಯ ನಮಗೆ ಬಂದರೆ ಅದು ತಪ್ಪಲ್ಲ.

ಡು ಬಾಯ್ಸ್ ಎಂಬ ವಿದ್ವಾಂಸರಿಗೂ ಅದೇ ಸಂಶಯ ಬಂತು. 1903ರ ತಮ್ಮ ಪುಸ್ತಕದಲ್ಲಿ ಅವರು ವಾಷಿಂಗ್ಟನ್ನರನ್ನು ನೇರವಾಗಿ ಪ್ರಶ್ನಿಸಿದರು. ಮತದ ಹಕ್ಕಿಲ್ಲದವನು ತಾನು ಗಳಿಸಿದ ಆಸ್ತಿಯನ್ನು ಉಳಿಸಿಕೊಳ್ಳುವುದು ಹೇಗೆ? ಉನ್ನತ ಶಿಕ್ಷಣ ಬೇಡವೆಂದರೆ ಕಸುಬು ಕಲಿಸುವ ಮೇಷ್ಟ್ರಾದರೂ ಎಲ್ಲಿಂದ ಬರುತ್ತಾರೆ?

ಬಹಳ ವರ್ಷಗಳ ನಂತರ ವಾಷಿಂಗ್ಟನ್ನರ ಕಾಗದಪತ್ರಗಳಿಂದ ಇನ್ನೊಂದು ಸಂಗತಿ ಹೊರಬಂತು. ಕಪ್ಪು ಜನರ ಮತದ ಹಕ್ಕು ಕಿತ್ತುಕೊಂಡ ಅಲಬಾಮಾ ಸಂವಿಧಾನದ ವಿರುದ್ಧ ನಡೆದ ಮೊಕದ್ದಮೆಗೆ ಅವರೇ ಗುಟ್ಟಾಗಿ ಹಣ ಕೊಟ್ಟಿದ್ದರು. ಪತ್ರಗಳಲ್ಲಿ ಗುಪ್ತನಾಮಗಳನ್ನು ಬಳಸಲಾಗಿತ್ತು. ಕೊಂದು ಮರಕ್ಕೆ ನೇತುಹಾಕುತ್ತಿದ್ದ ಕಾಲ ಅದು. ಬಾಯಿ ಬಿಟ್ಟಿದ್ದರೆ ಶಾಲೆಯೂ ಉಳಿಯುತ್ತಿರಲಿಲ್ಲವೇನೋ. ಹಾಗಾಗಿ ಅವರನ್ನು ಹೇಡಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಗುಟ್ಟಾಗಿ ಮಾಡಿದ್ದು ಪಾಠವಾಗುವುದಿಲ್ಲ. ಹೊಂಡದಲ್ಲಿ ಕೆಸರು ತುಳಿಯುತ್ತಿದ್ದ ಹುಡುಗನಿಗೆ ಕೇಳಿಸಿದ್ದು ಮೇಷ್ಟ್ರು ವೇದಿಕೆಯ ಮೇಲೆ ಹೇಳಿದ ಅರ್ಧ ಮಾತ್ರ.

ನಮ್ಮ ದೇಶದಲ್ಲಿ ಇದೇ ಪ್ರಶ್ನೆ ಜಾತಿಯ ರೂಪದಲ್ಲಿ ಎದುರಾಯಿತು. 1903ರಲ್ಲೇ ಗಾಂಧಿ ದಕ್ಷಿಣ ಆಫ್ರಿಕಾದ ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ವಾಷಿಂಗ್ಟನ್ನರನ್ನು ಮೆಚ್ಚಿ ಬರೆದಿದ್ದರು. ಅದಾಗಿ ಐವತ್ತು ವರ್ಷಕ್ಕೆ, 1953ರಲ್ಲಿ, ಮದರಾಸು ರಾಜ್ಯದ ಮುಖ್ಯಮಂತ್ರಿ ರಾಜಾಜಿ ಹಳ್ಳಿ ಶಾಲೆಗಳ ವೇಳೆಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಅಪ್ಪ ಅಮ್ಮನ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ದಕ್ಷಿಣ ಕನ್ನಡ, ಕೊಳ್ಳೇಗಾಲಗಳೂ ಆಗ ಆ ರಾಜ್ಯದಲ್ಲೇ ಇದ್ದವು. ಚೆನ್ನೈನಲ್ಲಿರುವ ಓದುಗರು ಅದರ ಅಡ್ಡಹೆಸರು ಕೇಳಿರಬಹುದು: ‘ಕುಲಕಲ್ವಿ’, ಕುಲದ ಶಿಕ್ಷಣ. ಪೆರಿಯಾರ್ ಮೊದಲಾದವರ ವಿರೋಧಕ್ಕೆ ಸಿಕ್ಕಿ 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಮುಂದೆ ಬಂದ ಕಾಮರಾಜ್ ಯೋಜನೆಯನ್ನು ಕೈಬಿಟ್ಟರು. ಜನ ಸಿಟ್ಟಾಗಿದ್ದು ಕೈಕೆಲಸದ ಮೇಲಲ್ಲ. ಚಮ್ಮಾರನ ಮಗ ಚಪ್ಪಲಿಯನ್ನೇ ಹೊಲಿಯಬೇಕು, ವಕೀಲರ ಮಗ ಮಾತ್ರ ಮನೆಯಲ್ಲೂ ಕಾನೂನು ಕಲಿಯುತ್ತಾನೆ ಎಂಬ ಲೆಕ್ಕದ ಮೇಲೆ.

ಕಾಯಕದ ಮಾತು ನಮಗೆ ಹೊಸದಲ್ಲ. ಮಾದಾರ ಚೆನ್ನಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಇವರೆಲ್ಲ ಶರಣರ ಸಾಲಿನಲ್ಲಿ ಕೂತವರು. ಆದರೆ ಪರಂಪರೆ ಹೇಳುವ ಕಥೆಯಲ್ಲಿ ಕಲ್ಯಾಣ ಹೊತ್ತಿ ಉರಿದದ್ದು ಹರಳಯ್ಯ ಚಪ್ಪಲಿ ಹೊಲಿದಾಗ ಅಲ್ಲ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ. ದುಡಿಮೆಯನ್ನು ಹೊಗಳುವುದು ಉಳ್ಳವರಿಗೆ ಕಷ್ಟವಲ್ಲ. ದುಡಿಯುವವನು ತನ್ನ ಜಾಗ ಬಿಟ್ಟು ಎದ್ದುಬಂದಾಗ ಕಷ್ಟ ಶುರುವಾಗುತ್ತದೆ.

ಆದ್ದರಿಂದ ತಲೆಯೋ ಕೈಯೋ ಎಂಬ ಹಳೆಯ ಜಗಳ ನನಗೆ ಮುಖ್ಯವಾಗಿ ಕಾಣುವುದಿಲ್ಲ. ಬೇಡವೆನ್ನುವ ಸ್ವಾತಂತ್ರ್ಯವಿರುವ ಮಗುವಿಗೆ ಕಸುಬು ಕಲಿಸಿದರೆ ಅದು ವಿದ್ಯೆ. ಬೇರೆ ದಾರಿಯೇ ಇಲ್ಲದ ಮಗುವಿಗೆ ಅದೇ ಕಸುಬು ಬೇಲಿ. ಒಳ್ಳೆಯ ಕಸುಬಿನ ಮೇಷ್ಟ್ರು ಉಳಿ ಹಿಡಿಯುವುದನ್ನು ಹೇಳಿಕೊಡುವಷ್ಟೇ ಶ್ರದ್ಧೆಯಿಂದ ಮುಂದಿನ ದಾರಿಯನ್ನೂ ಹೇಳಿಕೊಡಬೇಕು. ಇವತ್ತು ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. ಫಿಟ್ಟರ್ ಓದುವ ಹುಡುಗನಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಿದ್ದಾರೆಯೇ ಎಂಬುದು ಅವನ ವರ್ಕ್‌ಶಾಪಿನಲ್ಲಿ ಎಷ್ಟು ಲೇತ್ ಇವೆ ಎಂಬುದರಷ್ಟೇ ಮುಖ್ಯ.

ಇನ್ನು ನಮ್ಮ ವಿಷಯ. ಪುಣೆ, ಹೈದರಾಬಾದು, ದೆಹಲಿಗಳಲ್ಲಿ ಕೆಲಸ ಹಿಡಿದಿರುವ ನಮ್ಮಲ್ಲಿ ಬಹುಪಾಲು ಜನ ಅಪ್ಪನ ಕಸುಬು ಬಿಟ್ಟು ಬಂದವರೇ. ಹಾಗೆ ಬಿಡುವುದಕ್ಕೆ ನಮಗೆ ಯಾರೋ ದಾರಿ ಮಾಡಿಕೊಟ್ಟಿದ್ದಾರೆ. ಎಸಿ ರಿಪೇರಿಗೆ ಹುಡುಗ ಸಿಗದೆ ಹೋದಾಗ ನಾವು ಹೇಳುತ್ತೇವೆ, ಎಲ್ಲರೂ ಎಂಜಿನಿಯರ್ ಆಗಬೇಕಿಲ್ಲ, ಕೈಕೆಲಸಕ್ಕೂ ಗೌರವವಿದೆ ಎಂದು. ಮಾತು ನಿಜವೇ. ಆದರೆ ನಮ್ಮ ಮಗಳಿಗೆ ಪಿಯುಸಿಯಲ್ಲಿ ಅಂಕ ಕಡಿಮೆ ಬಂದ ದಿನ ಮನೆಯಲ್ಲಿ ಮ್ಯಾನೇಜ್‌ಮೆಂಟ್ ಸೀಟಿನ ಮಾತು ಬರುತ್ತದೆ, ಐಟಿಐ ಹೆಸರು ಬರುವುದಿಲ್ಲ. ಆ ಗೌರವ ಪಕ್ಕದ ಮನೆಯ ಕೆಲಸದವರ ಮಗನಿಗೆ ಮಾತ್ರ ಮೀಸಲು.

ಟಸ್ಕೀಗಿ ಈಗ ವಿಶ್ವವಿದ್ಯಾಲಯ. ಅಲ್ಲಿ ಎಂಜಿನಿಯರಿಂಗ್ ಓದಬಹುದು, ಪಶುವೈದ್ಯವನ್ನೂ ಓದಬಹುದು. ಕಸುಬಿನಿಂದ ಶುರುವಾದದ್ದು ಕಸುಬಿಗೇ ನಿಲ್ಲಬೇಕಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ವಾಷಿಂಗ್ಟನ್ ಮೇಷ್ಟ್ರ ಗಡಿಯಾರಕ್ಕೆ ನಾವು ಕೈಮುಗಿಯೋಣ. ಜೊತೆಗೆ, ಕೆಸರು ತುಳಿಯಲು ಒಲ್ಲದೆ ಶಾಲೆ ಬಿಟ್ಟುಹೋದ ಆ ಹುಡುಗರನ್ನೂ ಸೋಮಾರಿಗಳೆಂದು ತಳ್ಳಿಹಾಕದಿರೋಣ. ಅವರು ಕೇಳಿಕೊಂಡು ಬಂದದ್ದು, ನಾವು ನಮ್ಮ ಮಕ್ಕಳಿಗಾಗಿ ದಿನವೂ ಕೇಳುವುದನ್ನೇ.