ಪಟದಲ್ಲಿ ಪೊರಕೆ ಕಾಣಬೇಕೇ?

ಕ್ಯಾಮರಾಕ್ಕೆ ಜಾತಿ ಇಲ್ಲ ಎಂದು ಹೇಳುವವರು ನಮ್ಮ ನಡುವೆ ಬಹಳ ಜನ ಇದ್ದಾರೆ. ಗಾಜಿಗೆ ಎಲ್ಲರೂ ಒಂದೇ, ಎದುರಿಗೆ ಗೌಡ ನಿಂತರೂ ಸೈ, ಕೂಲಿಯವನು ನಿಂತರೂ ಸೈ, ಇದ್ದದ್ದನ್ನು ಇದ್ದ ಹಾಗೆ ಹಿಡಿಯುತ್ತದೆ ಅನ್ನುತ್ತಾರೆ. ಗಾಜಿಗೆ ಜಾತಿ ಇಲ್ಲದಿರಬಹುದು. ಆದರೆ ಗಾಜಿನ ಹಿಂದೆ ಒಂದು ಕಣ್ಣು ಇದೆ, ಆ ಕಣ್ಣಿನ ಹಿಂದೆ ಒಂದು ತಲೆ ಇದೆ. ಪಟ ತೆಗೆದಾದ ಮೇಲೆ ಅದನ್ನು ಎಲ್ಲಿ ಕತ್ತರಿಸಬೇಕು, ಪುಟದ ಯಾವ ಮೂಲೆಗೆ ಅಂಟಿಸಬೇಕು, ಕೆಳಗೆ ಏನು ಬರೆಯಬೇಕು ಎಂದು ತೀರ್ಮಾನ ಮಾಡುವ ಒಂದು ಕೈ ಇದೆ. ಜಾತಿ ಕುಂತಿರುವುದು ಅಲ್ಲಿ.

1868ರಿಂದ 1875ರವರೆಗೆ ಲಂಡನ್ನಿನಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಪುಸ್ತಕ ಎಂಟು ಸಂಪುಟಗಳಲ್ಲಿ ಬಂತು. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ಕೇ ಅದರ ಸಂಪಾದಕರು. 400ಕ್ಕೂ ಹೆಚ್ಚು ಫೋಟೋಗಳು. 1857ರ ದಂಗೆಯ ಬಿಸಿ ಇನ್ನೂ ಆರದ ಕಾಲ; ಆಳುವವರಿಗೆ ತಾವು ಆಳುತ್ತಿರುವ ಜನರ ಗುರುತು ಬೇಕಾಗಿತ್ತು. ಒಂದೊಂದು ಜಾತಿಗೆ, ಒಂದೊಂದು ಬುಡಕಟ್ಟಿಗೆ ಪಟ. ಜೊತೆಗೆ ಇವರು ನಂಬಿಕಸ್ತರು, ಇವರು ಕಳ್ಳರು ಎಂಬ ಥರದ ವಿವರ. ಪಟದಲ್ಲಿ ನಿಂತವನನ್ನು ಕರೆದು ‘ಇದು ನಿಜವೇನಯ್ಯ?’ ಎಂದು ಕೇಳುವ ರೂಢಿ ಆ ಪುಸ್ತಕಕ್ಕೆ ಇರಲಿಲ್ಲ. ಅವನ ಮುಖ ಅವನದು, ಮುಖದ ಕೆಳಗಿನ ಸಾಲು ಮಾತ್ರ ಸಾಹೇಬರದು.

ಈ ಕೆಳಗಿನ ಸಾಲು ನಮ್ಮ ಮಕ್ಕಳ ಕೈಗೆ ಬರಬೇಕು ಎಂಬುದೇ ನಮ್ಮ ಹಟ. ನಾವು ನಾಲ್ಕು ಜನ, ಎಲ್ಲರೂ ಅವರವರ ಮನೆಗೆ ಮೊದಲ ಡಿಗ್ರಿಯವರು, ಒಂದು ಸರಕಾರಿ ಹೈಸ್ಕೂಲಿನ ಒಂಬತ್ತನೇ ಕ್ಲಾಸಿಗೆ ಶನಿವಾರ ಶನಿವಾರ ಹೋಗಿ ಫೋಟೋ ತೆಗೆಯುವುದನ್ನೂ ಪತ್ರಿಕೆಯ ಪುಟ ಕಟ್ಟುವುದನ್ನೂ ಕಲಿಸುತ್ತಿದ್ದೇವೆ. ಗಾಜು ಒಡೆದ ಎರಡು ಫೋನು, ಎರವಲು ತಂದ ಒಂದು ಕ್ಯಾಮರಾ, ಜೆರಾಕ್ಸಿನಲ್ಲಿ ತರುವ ಹದಿನಾರು ಪುಟದ ಪತ್ರಿಕೆ. ‘ಹೊಟ್ಟೆಗಿಲ್ಲದ ಮಕ್ಕಳಿಗೆ ಇದೆಲ್ಲ ಯಾಕ್ರಯ್ಯ, ಲೆಕ್ಕ ಹೇಳ್ಕೊಡಿ’ ಎಂದು ಹಿರಿಯ ಮೇಷ್ಟ್ರೊಬ್ಬರು ಕೇಳಿದರು. ಅವರು ಕೆಟ್ಟವರಲ್ಲ, ಪ್ರಶ್ನೆಯೂ ತಾತ್ಸಾರದ್ದಲ್ಲ. ಆದರೆ 1920ರ ಜನವರಿ 31ರಂದು ಬಾಬಾಸಾಹೇಬರು ‘ಮೂಕನಾಯಕ’ ಶುರು ಮಾಡಿದಾಗ ನಮ್ಮ ಜನಕ್ಕೆ ಹೊಟ್ಟೆ ತುಂಬಿತ್ತೇ? ಶಾಹು ಮಹಾರಾಜರು ಕೊಟ್ಟ 2,500 ರೂಪಾಯಿಯಲ್ಲಿ ಅಕ್ಕಿ ತರಬಹುದಿತ್ತು. ಪತ್ರಿಕೆ ತಂದರು.

ಮೊದಲು ಬೆಳಕು. ಸುಣ್ಣ ಬಳಿದ ಗೋಡೆಯ ಮುಂದೆ ಕೇರಿಯ ಹುಡುಗನನ್ನು ನಿಲ್ಲಿಸಿ ಫೋನಿನಲ್ಲಿ ತೆಗೆದರೆ ಮುಖ ಬರೀ ಇದ್ದಲು, ಕಣ್ಣು ಮೂಗು ಏನೂ ಇಲ್ಲ. ‘ನಾವ್ ಕರ್ರಗಿರಾದು ಸಾ, ಅದ್ಕೇ ಬರಾಕಿಲ್ಲ’ ಅಂದವು ಮಕ್ಕಳು. ಅಷ್ಟು ಸಣ್ಣ ವಯಸ್ಸಿಗೇ ಯಂತ್ರದ ತಪ್ಪನ್ನು ತಮ್ಮ ಚರ್ಮದ ಮೇಲೆ ಹಾಕಿಕೊಳ್ಳುವುದನ್ನು ಕಲಿತಿದ್ದಾವೆ! ಯಂತ್ರ ಎದುರಿಗಿರುವ ಬೆಳಕನ್ನೆಲ್ಲ ಕೂಡಿಸಿ ಸರಾಸರಿ ಹಾಕಿ, ಎಲ್ಲವನ್ನೂ ಒಂದು ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಗೋಡೆ ಜಾಸ್ತಿ ಕಂಡರೆ ಒಟ್ಟು ಬೆಳಕನ್ನು ತಗ್ಗಿಸುತ್ತದೆ. ಗೋಡೆ ಬದುಕುತ್ತದೆ, ಮುಖ ಸಾಯುತ್ತದೆ. ಪರದೆಯಲ್ಲಿ ಮುಖದ ಮೇಲೆ ಬೆರಳೊತ್ತಿ ಬೆಳಕು ಏರಿಸಿದರೆ ಆಯಿತು, ಇಲ್ಲವೇ ಗೋಡೆ ಬಿಟ್ಟು ಬಾಗಿಲ ನೆರಳಿಗೆ ಕರೆದು ತಂದರೆ ಆಯಿತು. ಕೊಡಕ್ ಕಂಪನಿ ಬಣ್ಣದ ಹದ ನೋಡಲು ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಪಟಕ್ಕೆ ‘ಶರ್ಲಿ ಕಾರ್ಡು’ ಎಂದು ಹೆಸರು. ದಶಕಗಳ ಕಾಲ ಅದರಲ್ಲಿದ್ದದ್ದು ಬಿಳಿಯ ಹೆಂಗಸಿನ ಮುಖ. ಕಂದು ಬಣ್ಣದ ಛಾಯೆಗಳು ಫಿಲಮ್ಮಿನಲ್ಲಿ ಸರಿಯಾಗಿ ಮೂಡುತ್ತಿಲ್ಲ ಎಂಬುದು ಕಂಪನಿಯ ಕಿವಿಗೆ ಬಿದ್ದದ್ದು ಚಾಕೊಲೇಟ್ ಮಾರುವವರು, ಮರದ ಮೇಜು ಕುರ್ಚಿ ಮಾರುವವರು ಬಂದು ದೂರು ಹೇಳಿದಾಗ. ಇದನ್ನು ಕೇಳಿ ಮಕ್ಕಳು ನಕ್ಕವು. ನಮಗೆ ನಗು ಬರಲಿಲ್ಲ.

ಆಮೇಲೆ ಕತ್ತರಿ. ಹಳೆಯ ಮದುವೆ ಕಾಗದದ ರಟ್ಟನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರಕ್ಕೆ ಎರಡು ತುಂಡು ಮಾಡಿ, ಪಟದ ಮೇಲಿಟ್ಟು ಹಿಂದೆ ಮುಂದೆ ಸರಿಸುವುದು. ಚೌಕಟ್ಟು ಚಿಕ್ಕದಾಗುತ್ತದೆ, ದೊಡ್ಡದಾಗುತ್ತದೆ. ಒಬ್ಬ ಒಳಗೆ ಬರುತ್ತಾನೆ, ಇನ್ನೊಬ್ಬ ಹೊರಗೆ ಹೋಗುತ್ತಾನೆ. ಕಾಸಿನ ಖರ್ಚಿಲ್ಲದ ಈ ರಟ್ಟು ನಮ್ಮ ಸಮಾಜಶಾಸ್ತ್ರದ ಪುಸ್ತಕಗಳಿಗಿಂತ ಚೆನ್ನಾಗಿ ಪಾಠ ಮಾಡುತ್ತದೆ. ಶಾಲೆಯ ಹಳೆಯ ಗ್ರೂಪ್ ಫೋಟೋ ಕೊಟ್ಟೆವು. ಮುಂದೆ ಕುರ್ಚಿಯಲ್ಲಿ ದೊಡ್ಡವರು, ಅವರ ಕಾಲ ಬುಡದಲ್ಲಿ ಊರಿನ ಮಕ್ಕಳು, ಹಿಂದಿನ ಸಾಲಿನ ಕೊನೆಯಲ್ಲಿ ಕತ್ತು ಚಾಚಿ ನಿಂತ ಕೇರಿಯವು. ಒಬ್ಬ ಹುಡುಗ ರಟ್ಟನ್ನು ಮೇಲಕ್ಕೆ ತಳ್ಳಿ ಆ ಕೊನೆಯ ನಾಲ್ಕು ಮುಖ ಮಾತ್ರ ಉಳಿಸಿ, ‘ಸಾ, ಈಗ ಇವ್ರೇ ಮುಂದಿರೋರು’ ಅಂದ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಒಬ್ಬ ಹುಡುಗಿ ತನ್ನ ತಾಯಿಯ ಎರಡು ಪಟ ತೆಗೆದು ತಂದಳು. ತಾಯಿ ಪಟ್ಟಣ ಪಂಚಾಯ್ತಿಯ ಪೌರಕಾರ್ಮಿಕರು. ಒಂದರಲ್ಲಿ ಮಬ್ಬುಗತ್ತಲಲ್ಲಿ ರಸ್ತೆ ಗುಡಿಸುತ್ತಿದ್ದಾರೆ, ಧೂಳು ಎದ್ದು ಬೀದಿ ದೀಪದ ಬೆಳಕಿಗೆ ಹೊಳೆಯುತ್ತಿದೆ. ಇನ್ನೊಂದರಲ್ಲಿ ತಲೆ ಬಾಚಿಕೊಂಡು ಹೊಸಿಲ ಮೇಲೆ ಕುಂತಿದ್ದಾರೆ. ಪುಟದಲ್ಲಿ ಜಾಗ ಇದ್ದದ್ದು ಒಂದಕ್ಕೇ. ನಮ್ಮಲ್ಲೊಬ್ಬ ಗೆಳೆಯ ಪಟ್ಟು ಹಿಡಿದ: ಪೊರಕೆ ಕಾಣಲೇಬೇಕು. ಈ ಪೊರಕೆಯನ್ನು ಈ ಜಾತಿಯ ಕೈಗೇ ಯಾರು ಕೊಟ್ಟರು? ಅದನ್ನು ಮರೆಮಾಡಿದರೆ ಊರಿನವರಿಗೆ ಸುಖನಿದ್ದೆ. ನಾಚಬೇಕಾದವರು ಗುಡಿಸುವವರಲ್ಲ, ಗುಡಿಸಿಸಿಕೊಳ್ಳುವವರು. ಈ ಮಾತಿನಲ್ಲಿ ಸುಳ್ಳು ಎಲ್ಲಿದೆ? ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ನಮ್ಮವ್ವ ಪೊರ್ಕೆ ಹಿಡಿಯಾದು ಆರ್ ಗಂಟೆ ಸಾ. ಮಿಕ್ಕಿದ್ ಹದ್ನೆಂಟ್ ಗಂಟೆ ಪಟ ಯಾರ್ ತಗೀತಾರೆ?’

ಎರಡೂ ನಿಜ. ಎರಡು ನಿಜಗಳ ನಡುವೆ ಆರಿಸುವ ಹಕ್ಕು ಯಾರದು ಎಂಬುದೇ ಪ್ರಶ್ನೆ. ಚಳವಳಿಗೆ ಗಾಯದ ಪಟ ಬೇಕು, ಅದಿಲ್ಲದೆ ಜಗತ್ತು ನಂಬುವುದಿಲ್ಲ. ಆದರೆ ಗಾಯ ಚಳವಳಿಯ ಮೈಮೇಲೆ ಇಲ್ಲ, ಒಬ್ಬ ಮನುಷ್ಯನ ಮೈಮೇಲೆ ಇದೆ. 1955ರ ಆಗಸ್ಟಿನಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಬಿಳಿಯರು ಕೊಂದು ನದಿಗೆ ಎಸೆದರು. ಶಿಕಾಗೋದಲ್ಲಿ ಮಣ್ಣು ಮಾಡುವಾಗ ತಾಯಿ ಮೇಮಿ ಟಿಲ್ ಪೆಟ್ಟಿಗೆಯ ಮುಚ್ಚಳ ತೆಗೆದೇ ಇಡಬೇಕೆಂದರು. ಜಜ್ಜಿಹೋದ ಆ ಮುಖವನ್ನು ಕಪ್ಪು ಜನರ ‘ಜೆಟ್’ ಪತ್ರಿಕೆ ಅಚ್ಚು ಹಾಕಿತು. ಬಿಳಿಯರೇ ತುಂಬಿದ್ದ ಜ್ಯೂರಿ ಕೊಲೆಗಡುಕರನ್ನು ಬಿಟ್ಟುಕಳಿಸಿತು, ಪಟ ಮಾತ್ರ ಅವರನ್ನು ಬಿಡಲಿಲ್ಲ. ಮುಚ್ಚಳ ತೆಗೆಸಿದ್ದು ಪತ್ರಿಕೆಯ ಸಂಪಾದಕನಲ್ಲ, ಹೆತ್ತವಳು. ಇಲ್ಲೇ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, 2010ರ ಜುಲೈನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಪುರಸಭೆಯ ಮುಂದೆ ಮಲವನ್ನು ಮೈಗೆ ಸುರಿದುಕೊಂಡರು. ಆ ಪಟ ನೋಡಿ ಮುಖ ತಿರುಗಿಸಿದವರೂ ಇದ್ದಾರೆ. ಆದರೆ ಊರು ತಮ್ಮ ತಲೆಯ ಮೇಲೆ ಹೊರಿಸಿದ್ದನ್ನು ಊರಿಗೆ ತೋರಿಸಬೇಕೆಂದು ತೀರ್ಮಾನಿಸಿದವರು ಅವರೇ, ಕ್ಯಾಮರಾ ಆಮೇಲೆ ಬಂತು. ಯಾರೂ ಕೇಳದೆ ತೆಗೆದು, ಕೆಳಗೆ ‘ಬಡತನದ ಬವಣೆ’ ಎಂದು ಬರೆದು ಬಹುಮಾನ ಹೊಡೆಯುವ ಪಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಆ ತಾಯಿಯನ್ನೇ ಕೇಳಿದೆವು. ‘ಪೊರ್ಕೆ ಊರೋರ್ಗೆ ದಿನಾ ಕಾಣ್ತದಲ್ಲ, ಅದ್ನ ಇನ್ನೇನ್ ಅಚ್ಚಾಕ್ಸೀರಿ? ಕುಂತಿರೋದ್ನ ಹಾಕಿ. ಕೆಳಗೆ ಹೆಸ್ರು ಬರೀರಿ. ಪಂಚಾಯ್ತಿ ಪುಸ್ತಕದಲ್ಲಿ ನನ್ ಹೆಸ್ರು ತಪ್ಪಾಗದೆ, ಇಲ್ಲಾದ್ರೂ ಸರಿಯಾಗ್ ಬರೀರಿ’ ಅಂದರು. ಹಾಗೇ ಆಯಿತು. ಪಟ್ಟು ಹಿಡಿದ ಗೆಳೆಯ ಇವತ್ತಿಗೂ ಒಪ್ಪಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಇದೇ ನ್ಯಾಯ ಎಲ್ಲರಿಗೂ ಸಲ್ಲುತ್ತದೆಯೇ? ಊರ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಕೇರಿಯವರಿಗೆಂದೇ ಇಟ್ಟ ಎರಡು ಲೋಟಗಳನ್ನು ಒಬ್ಬ ಹುಡುಗ ತೆಗೆದು ತಂದಿದ್ದಾನೆ. ಬೆಳಕು ಸರಿಯಾಗಿದೆ, ಚೌಕಟ್ಟು ಸರಿಯಾಗಿದೆ, ಹಿಂದೆ ಹೋಟೆಲಿನ ಬೋರ್ಡು ಓದುವ ಹಾಗಿದೆ. ‘ಹೋಟ್ಲೋನ್ನೂ ಕೇಳ್ಬೇಕಾ ಸಾ?’ ಎಂದ. ಕೇಳಬೇಕಾಗಿಲ್ಲ ಅಂದೆವು. ತನ್ನ ನೋವನ್ನು ಕಾಪಾಡಿಕೊಳ್ಳುವವಳ ‘ಬೇಡ’ವೂ ತನ್ನ ಅಪರಾಧವನ್ನು ಕಾಪಾಡಿಕೊಳ್ಳುವವನ ‘ಬೇಡ’ವೂ ಒಂದೇ ತೂಕದವಲ್ಲ. ಇದರಲ್ಲಿ ನಮಗೆ ಅನುಮಾನ ಇಲ್ಲ. ಆದರೆ ಪತ್ರಿಕೆ ಹೊರಬಂದ ಮಾರನೇ ದಿನ ನಾವು ಬಸ್ಸು ಹತ್ತಿ ಬರುವವರು, ಹುಡುಗ ಅಲ್ಲೇ ಇರುವವನು. ಅವನ ಅಪ್ಪ ಕೂಲಿಗೆ ಹೋಗುವುದು ಆ ಹೋಟೆಲಿನವರ ಗದ್ದೆಗೇ. ಸಂಜೆ ಹಟ್ಟಿಗೆ ಹೋಗಿ ಅಪ್ಪನ ಕೈಗೆ ಪಟ ಕೊಟ್ಟೆವು. ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

‘ಚೆನ್ನಾಗ್ ಬಂದದೆ. ಮಡಗಿರಿ’ ಅಂದರು. ‘ಈ ಸುಗ್ಗಿ ಒಂದ್ ಮುಗೀಲಿ.’