ಶಕ್ತಿಗೆ ತಕ್ಕ ತಪಸ್ಸು



ವಜ್ರಳ್ಳಿಯಂತಹ ಊರಿನಿಂದ ಮೆದುಳುಗೆಡ್ಡೆಯ ಚಿಕಿತ್ಸೆಗೆಂದು ಹುಬ್ಬಳ್ಳಿ, ಬೆಂಗಳೂರುಗಳಿಗೆ ಅಲೆದು ದಣಿದವನು ಅನ್ನವನ್ನು ದೂರ ಸರಿಸಿ, “ನನಗೆ ಸಲ್ಲೇಖನವನ್ನು ಅನುಗ್ರಹಿಸಿರಿ” ಎಂದು ಬೇಡಿದರೆ ಏನೆನ್ನೋಣ?

ಅದು ವೈರಾಗ್ಯವೋ ವಿಷಾದವೋ ಎಂದು ಮೊದಲು ವಿವೇಚಿಸೋಣ. ಮರಣವನ್ನು ಹಂಬಲಿಸುವುದು ಸಲ್ಲೇಖನಕ್ಕೆ ಅತಿಚಾರವೆಂದು ತತ್ತ್ವಾರ್ಥಸೂತ್ರವು ಸಾರುತ್ತದೆ. ಗೆಡ್ಡೆಯೂ ಚಿಕಿತ್ಸೆಯೂ ಮೆದುಳನ್ನೇ ಬಾಧಿಸುವಾಗ ಕವಿಯುವ ಖಿನ್ನತೆಯು ರೋಗಿಯ ದೌರ್ಬಲ್ಯವಲ್ಲ. ಔಷಧಕ್ಕೂ ಸಾಂತ್ವನಕ್ಕೂ ಮಣಿಯಬಲ್ಲ ವ್ಯಾಧಿ. ಮುಚ್ಚಿಡದೆ ವೈದ್ಯರಿಗೆ ಅರುಹಿರಿ.

ಟೆಮೊಝೊಲೊಮೈಡ್ ಗುಳಿಗೆಯನ್ನು 28 ದಿನಗಳ ಆವರ್ತದಲ್ಲಿ 5 ದಿನ ಸೇವಿಸುವಾಗ ವಾಕರಿಕೆ, ಬಳಲಿಕೆಗಳು ಸಹಜ. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೆಂದರೆ ಶಕ್ತಿಗೆ ತಕ್ಕ ತಪಸ್ಸು. ಅವನಿಗೆ ಉಪವಾಸ ಬೇಡ; ದೇಹಕ್ಕೆ ಹಿತವಾದ ಆಹಾರ, ಮನಸ್ಸಿಗೆ ಣಮೋಕಾರ ಸಾಕು.

ಉಳಿದ ವ್ರತ ನಮ್ಮದು. ವೈಯಾವೃತ್ಯವೂ ಅಂತರಂಗ ತಪವೇ. ಉಪದೇಶಿಸದೆ ಬಳಿಯಲ್ಲಿ ಕುಳಿತು ತುತ್ತುಣಿಸಿದವನಿಗೂ ಕರ್ಮನಿರ್ಜರೆಯುಂಟು.